ಮಗಳ ಮೊಬೈಲ್ ಕಿತ್ತುಕೊಂಡರೆ ಗೇಲಿ ನಿಲ್ಲುತ್ತದೆಯೇ?

ಪ್ರಶ್ನೆ: ಮೇಡಂ, ನಮ್ಮದು ಬ್ರಹ್ಮಾವರ ಸಮೀಪದ ಹಳ್ಳಿ. ಗಂಡ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾರೆ. ಮನೆಯಲ್ಲಿ ನಾನು, ಅತ್ತೆ ಮತ್ತು ಇಬ್ಬರು ಮಕ್ಕಳು. ದೊಡ್ಡವಳಿಗೆ ಹದಿನಾರು ವರ್ಷ. ಉಡುಪಿಯಲ್ಲಿ ಪ್ರಥಮ ಪಿಯುಸಿ ಓದುತ್ತಿದ್ದಾಳೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಕಾಲೇಜಿನ ಕಾರ್ಯಕ್ರಮವೊಂದರಲ್ಲಿ ಇಂಗ್ಲಿಷಿನಲ್ಲಿ ಸ್ವಾಗತ ಭಾಷಣ ಮಾಡುವಾಗ ತಡವರಿಸಿ, ಒಂದು ಶಬ್ದವನ್ನು ತಪ್ಪಾಗಿ ಉಚ್ಚರಿಸಿ, ಅಳುತ್ತಾ ವೇದಿಕೆ ಇಳಿದಳು. ಯಾರೋ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ನಗೆಯ ಸದ್ದು ಸೇರಿಸಿ ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಬಳಿಕ ಅವಳ ಅಳುವ ಮುಖದ ವಾಟ್ಸ್‌ಆ್ಯಪ್ ಸ್ಟಿಕರ್ ಮಾಡಿದರು. ಈಗ ಅವಳ ಹೆಸರು, ಫೋಟೊ ಬಳಸಿ ನಕಲಿ ಖಾತೆ ತೆರೆದು ಹುಡುಗರಿಗೆ ಏನೇನೋ ಸಂದೇಶ ಕಳುಹಿಸುತ್ತಿದ್ದಾರೆ. ಸರ್ವಿಸ್ ಬಸ್ಸಿನಲ್ಲಿ ಬೇರೆ ಕಾಲೇಜಿನ ಮಕ್ಕಳೂ ಇವಳನ್ನು ನೋಡಿ ಆ ಶಬ್ದವನ್ನೇ ಹೇಳಿ ನಗುತ್ತಾರಂತೆ.

ನನಗೆ ತಿಳಿಯುವ ಮೊದಲೇ ಮಸ್ಕತ್‌ನಲ್ಲಿರುವ ಗಂಡನಿಗೆ ಕುಟುಂಬದ ಗ್ರೂಪಿನಲ್ಲಿ ವಿಡಿಯೊ ತಲುಪಿತು. "ಮೊಬೈಲ್ ಕಿತ್ತುಕೋ, ಇನ್ನು ಕಾಲೇಜೂ ಬೇಡ" ಎಂದು ಫೋನಿನಲ್ಲಿ ಕೂಗಾಡಿದರು. ಮೊಬೈಲ್ ತೆಗೆದಿಟ್ಟಿದ್ದೇನೆ. ಮಂಗಳೂರಿನಲ್ಲಿರುವ ನನ್ನ ತಮ್ಮ, ಪೊಲೀಸರಿಗೆ ದೂರು ಕೊಟ್ಟು ಎಲ್ಲರನ್ನೂ ಒಳಗೆ ಹಾಕಿಸೋಣ ಎನ್ನುತ್ತಾನೆ. ಮಗಳು ಒಂಬತ್ತು ದಿನಗಳಿಂದ ಕಾಲೇಜಿಗೆ ಹೋಗಿಲ್ಲ, ಸರಿಯಾಗಿ ಊಟ ಮಾಡುತ್ತಿಲ್ಲ. ಸಹಪಾಠಿ ಹುಡುಗಿಯೊಬ್ಬಳು ನೋಟ್ಸ್ ಕೊಡಲು ಬಂದಿದ್ದಳು. ಯಾರನ್ನು ನಂಬುವುದೆಂದು ತಿಳಿಯದೆ ಗೇಟಿನಿಂದಲೇ ವಾಪಸ್ ಕಳುಹಿಸಿದೆ. ನಮ್ಮ ಕಾಲದಲ್ಲೂ ಬಸ್ಸಿನಲ್ಲಿ, ಶಾಲೆಯಲ್ಲಿ ಗೇಲಿ ಮಾಡುತ್ತಿದ್ದರು. ಒಂದು ದಿನ ಅತ್ತು ಮರುದಿನ ಹೋಗುತ್ತಿದ್ದೆವು. ಈಗಿನ ಮಕ್ಕಳಿಗೆ ಯಾಕೆ ತಡೆದುಕೊಳ್ಳಲು ಆಗುವುದಿಲ್ಲ? ನಾವು ಏನು ಮಾಡಬೇಕು? ನಿನ್ನೆ ರಾತ್ರಿ "ನಾನೇ ಇಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ" ಎಂದಳು. ಸಿಟ್ಟಿನಲ್ಲಿ ಹೇಳಿದ್ದಿರಬೇಕು.

— ಹೆಸರು ಬೇಡ, ಉಡುಪಿ ಜಿಲ್ಲೆ

ಉತ್ತರ: ಅಮ್ಮಾ, ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ. ಮಿಕ್ಕದ್ದು ನಾಳೆಯವರೆಗೆ ಕಾದೀತು, ಅದು ಕಾಯುವುದಿಲ್ಲ. ಅಂಥ ಮಾತನ್ನು ಮಕ್ಕಳು ಸಿಟ್ಟಿನಲ್ಲಿ ಹೇಳುವುದುಂಟು, ನಿಜ. ಆದರೆ ಒಂಬತ್ತು ದಿನಗಳಿಂದ ಮನೆಯೊಳಗೇ ಮುದುಡಿ ಕುಳಿತ, ಊಟ ಬಿಟ್ಟ ಮಗು ಹೇಳಿದಾಗ ಅದನ್ನು ಸಿಟ್ಟೆಂದು ಬದಿಗಿಡುವಂತಿಲ್ಲ. ಇದನ್ನು ಓದುವುದು ಅರ್ಧಕ್ಕೆ ನಿಂತರೂ ಸರಿ, ಎದ್ದು ಹೋಗಿ ಅವಳ ಪಕ್ಕದಲ್ಲಿ ಕುಳಿತು ನೇರವಾಗಿ ಕೇಳಿ: "ಸಾಯಬೇಕು ಎಂಬ ಯೋಚನೆ ಬರುತ್ತಿದೆಯೇ ಮಗಳೇ?" ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ತಾಯಂದಿರು ಹೆದರುತ್ತಾರೆ. ಹೊಗುವುದಿಲ್ಲ. ಒಳಗೇ ಇಟ್ಟುಕೊಂಡು ಬೇಯುತ್ತಿರುವ ಮಗುವಿಗೆ, ಇದನ್ನು ಅಮ್ಮನ ಹತ್ತಿರ ಹೇಳಬಹುದು ಎಂಬುದು ಗೊತ್ತಾಗುತ್ತದೆ, ಅಷ್ಟೆ. ಹೌದು ಎಂದರೆ ಗದರಿಸಬೇಡಿ, ಆಣೆ ಮಾಡಿಸಿಕೊಳ್ಳಬೇಡಿ, "ನಮ್ಮ ಗತಿ ಏನಾಗಬೇಕು" ಎಂದು ಅಳಬೇಡಿ. ಕೇಳಿಸಿಕೊಳ್ಳಿ. ಕೆಲವು ದಿನ ರಾತ್ರಿ ಅವಳ ಕೋಣೆಯಲ್ಲೇ ಮಲಗಿ. 14416 ಎಂಬ ಸಂಖ್ಯೆಗೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನವಿದೆ. ಕರೆ ಉಚಿತ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತನಾಡಬಹುದು. ನೀವೂ ಮಾಡಬಹುದು, ಅವಳೂ ಮಾಡಬಹುದು. ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಈ ವಾರವೇ ಕಾಣಿ. ಪೊಲೀಸು, ಪ್ರಾಂಶುಪಾಲರು ಎಲ್ಲ ಇದರ ನಂತರ.

ಇನ್ನು ಮೊಬೈಲ್. ದಯವಿಟ್ಟು ಹಿಂದಿರುಗಿಸಿ. ಹೀಗೆ ಹೇಳಲು ನನಗೊಂದು ಕಾರಣವಿದೆ. ಹಲವು ವರ್ಷಗಳ ಹಿಂದೆ, ನಾನು ಈ ಕೆಲಸಕ್ಕೆ ಹೊಸಬಳಾಗಿದ್ದಾಗ, ಇಂಥದೇ ಸಂಕಟದಲ್ಲಿದ್ದ ಹುಡುಗಿಯ ತಂದೆಗೆ "ಸದ್ಯ ಮೊಬೈಲ್ ದೂರವಿಡಿ" ಎಂದು ನಾನೇ ಹೇಳಿದ್ದೆ. ಮನೆ ಶಾಂತವಾಯಿತು. ನಾಲ್ಕು ತಿಂಗಳು ಅವಳು ಏನೂ ಹೇಳಲಿಲ್ಲ. ಎಲ್ಲ ಸರಿಹೋಯಿತೆಂದು ನಾವು ತಿಳಿದೆವು. ಆ ನಾಲ್ಕು ತಿಂಗಳೂ ಅವಳು ಗೆಳತಿಯರ ಮೊಬೈಲಿನಲ್ಲಿ ಕದ್ದು ನೋಡುತ್ತಿದ್ದಳು, ಒಬ್ಬಳೇ ನುಂಗುತ್ತಿದ್ದಳು. ಹೇಳಿದ್ದಕ್ಕೆ ಶಿಕ್ಷೆ ಸಿಕ್ಕಿತೆಂಬ ಪಾಠವನ್ನು ಅವಳು ಕಲಿತಿದ್ದಳು, ಕಲಿಸಿದವಳು ನಾನು. ಆ ತಪ್ಪಿನ ನೋವು ನನಗೆ ಇನ್ನೂ ಇದೆ. ಮಕ್ಕಳು ಇಂಥದ್ದನ್ನು ಹೆತ್ತವರಿಂದ ಮುಚ್ಚಿಡುವುದಕ್ಕೆ ನಾನು ಕಂಡ ದೊಡ್ಡ ಕಾರಣ ನಾಚಿಕೆಯಲ್ಲ, ಮೊಬೈಲ್ ಹೋದೀತೆಂಬ ಹೆದರಿಕೆ. ಅವಳ ಪಾಲಿಗೆ ಅದು ಪಾಠದ ಗ್ರೂಪು, ಅಪ್ಪನ ವಿಡಿಯೊ ಕರೆ, ಇರುವ ಒಬ್ಬಿಬ್ಬರು ಒಳ್ಳೆಯ ಗೆಳತಿಯರು, ಎಲ್ಲವೂ. ಗೇಲಿ ಮಾಡಿದವರ ಕೈಯಲ್ಲಿ ಮೊಬೈಲ್ ಇದೆ, ಗೇಲಿಗೆ ಒಳಗಾದವಳ ಕೈಯಲ್ಲಿಲ್ಲ. ಇದು ನ್ಯಾಯವಲ್ಲ ಎಂದು ಹದಿನಾರರ ಹುಡುಗಿಗೆ ಚೆನ್ನಾಗಿ ಗೊತ್ತಾಗುತ್ತದೆ. ಹಿಂದಿರುಗಿಸುವಾಗ "ತೆಗೆದುಕೊಂಡದ್ದು ತಪ್ಪಾಯಿತು" ಎಂದೇ ಹೇಳಿ. ರಾತ್ರಿ ಮಾತ್ರ ಮನೆಯ ಎಲ್ಲರ ಮೊಬೈಲ್, ನಿಮ್ಮದೂ ಸೇರಿ, ಊಟದ ಕೋಣೆಯಲ್ಲಿ ಇರಲಿ.

ನಿಮ್ಮ ಕಾಲದ ಗೇಲಿಗೂ ಈಗಿನದಕ್ಕೂ ಏನು ವ್ಯತ್ಯಾಸ ಎಂಬ ನಿಮ್ಮ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರಿಸಬೇಕು. ಮುಂದೆ ನೀವು ಮಾಡಬೇಕಾದ್ದೆಲ್ಲ ಅದರ ಮೇಲೆ ನಿಂತಿದೆ.

ಮಕ್ಕಳ ನಡುವಿನ ಕಿರುಕುಳವನ್ನು 1970ರ ದಶಕದಿಂದ ಅಧ್ಯಯನ ಮಾಡಿದ ಮನಃಶಾಸ್ತ್ರಜ್ಞ ಡಾನ್ ಓಲ್ವೇಯುಸ್ ಅದಕ್ಕೆ ಮೂರು ಲಕ್ಷಣಗಳನ್ನು ಹೇಳಿದ್ದರು. ನೋಯಿಸುವ ಉದ್ದೇಶ ಇರಬೇಕು, ಮತ್ತೆ ಮತ್ತೆ ನಡೆಯಬೇಕು, ನೋಯಿಸುವವನಿಗೆ ನೊಂದವನಿಗಿಂತ ಹೆಚ್ಚು ಬಲ ಇರಬೇಕು. ಬಸ್ಸಿನ ಗೇಲಿಗೆ ಈ ಅಳತೆ ಸಾಕಾಗುತ್ತಿತ್ತು. ನಿಮ್ಮ ಮಗಳ ವಿಷಯಕ್ಕೆ ಹಿಡಿದು ನೋಡಿ. ವಿಡಿಯೊ ಹಾಕಿದವನು ಒಮ್ಮೆ ಹಾಕಿದ. ಮತ್ತೆ ಮತ್ತೆ ನಡೆಸಿದವರು ಯಾರು? ನೋಡಿ ನಕ್ಕವರು, ಮುಂದೆ ಕಳುಹಿಸಿದವರು, ಸ್ಟಿಕರನ್ನು ಉಳಿಸಿಕೊಂಡು ಬೇರೆ ಗ್ರೂಪಿನಲ್ಲಿ ಬಳಸಿದವರು. ಅವರಲ್ಲಿ ಹೆಚ್ಚಿನವರಿಗೆ ನಿಮ್ಮ ಮಗಳ ಮೇಲೆ ದ್ವೇಷವಿಲ್ಲ, ಹಲವರಿಗೆ ಅವಳ ಹೆಸರೂ ತಿಳಿಯದು. ಮೊದಲ ಹುಡುಗನಿಗಿದ್ದ ಬಲವೂ ಅವನ ಸ್ವಂತದ್ದಲ್ಲ. ಈ ನೋಡುಗರು ಕೊಟ್ಟದ್ದು. ಎಷ್ಟು ಮಂದಿ ನೋಡಿದರು ಎಂಬ ಅಂಕಿ ಅವನಿಗೆ ಕಾಣುವಂತೆ ಅವಳಿಗೂ ಕಾಣುತ್ತದೆ. ರಾತ್ರಿ ಎರಡು ಗಂಟೆಗೆ ಆ ಅಂಕಿ ಏರುವುದನ್ನು ನೋಡುತ್ತಾ ಕುಳಿತ ಮಕ್ಕಳನ್ನು ನಾನು ಕಂಡಿದ್ದೇನೆ. ನೀವು ಮನೆಗೆ ಬಂದಾಗ ಬಸ್ಸಿನ ಗೇಲಿ ಬಸ್ಸಿನಲ್ಲೇ ಉಳಿಯುತ್ತಿತ್ತು. ನಿಮ್ಮ ಮಗಳ ದಿಂಬಿನ ಪಕ್ಕದಲ್ಲಿ ಇಡೀ ಬಸ್ಸು ಬಂದು ನಿಂತಿದೆ.

ನಮ್ಮ ಕರಾವಳಿಯಲ್ಲಿ ಸುದ್ದಿ ಹೇಗೆ ಓಡಾಡುತ್ತಿತ್ತು ಎಂದು ನಿಮ್ಮ ಅತ್ತೆಯವರನ್ನು ಕೇಳಿ. ಮುಂಬಯಿಯಿಂದ, ಆಮೇಲೆ ಗಲ್ಫ್‌ನಿಂದ ಬರುವ ಪತ್ರಕ್ಕೆ ವಾರಗಟ್ಟಲೆ ಕಾಯುತ್ತಿದ್ದರು. ಬಂದ ಪತ್ರವನ್ನು ಅಂಚೆಯವನೋ ಶಾಲೆಗೆ ಹೋಗುವ ಮಗುವೋ ಓದಿ ಹೇಳಬೇಕಿತ್ತು. ನಾನು ಹುಡುಗಿಯಾಗಿದ್ದಾಗ ಪಕ್ಕದ ಮನೆಯ ಅಜ್ಜಿಗೆ, ಮುಂಬಯಿಯ ಹೋಟೆಲಿನಲ್ಲಿದ್ದ ಮಗನ ಪತ್ರಗಳನ್ನು ಓದಿ ಹೇಳುತ್ತಿದ್ದೆ. ಒಮ್ಮೆ "ಇನ್ನು ಹಣ ಕೇಳಿ ಬರೆಯಬೇಡಿ" ಎಂಬ ಸಾಲು ಬಂತು. ಹಾರಿಸಿಬಿಟ್ಟೆ. ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅಮ್ಮ ನನ್ನ ತಲೆ ನೇವರಿಸಿದ್ದು ಈಗಲೂ ನೆನಪಿದೆ. ಬೀಡಿ ಬ್ರಾಂಚಿನ ಜಗಲಿಯಲ್ಲಿ, ದೇವಸ್ಥಾನದ ಕಟ್ಟೆಯಲ್ಲಿ ಮಾತು ಒಬ್ಬರಿಂದ ಒಬ್ಬರಿಗೆ ದಾಟುವಾಗಲೂ ಹೀಗೆಯೇ. ಯಾರೋ ಒಬ್ಬರು "ಬಿಡು, ಆ ಹುಡುಗಿಯ ಮುಂದೆ ಇದನ್ನು ಎತ್ತಬೇಡ" ಎನ್ನುತ್ತಿದ್ದರು. ಚಾಡಿ ಹೇಳುವವರೂ ಇದ್ದರು, ಹಳೆಯ ಕಾಲವನ್ನು ನಾನು ಹೊಗಳುತ್ತಿಲ್ಲ. ಆದರೆ ಮಾತು ದಾಟಬೇಕಾದರೆ ನಡುವೆ ಒಂದು ಕೈ ಬೇಕಿತ್ತು, ಆ ಕೈಗೆ ತಡೆಯುವ ಅವಕಾಶ ಇತ್ತು. ಈಗಲೂ ನಡುವಿನ ಕೈ ಇದೆ. ಬೆರಳು ಒತ್ತುವುದಕ್ಕೆ ಒಂದು ಕ್ಷಣವೂ ಬೇಡವಾದ್ದರಿಂದ, ತಾನೊಂದು ಕೆಲಸ ಮಾಡುತ್ತಿದ್ದೇನೆ ಎಂಬುದೇ ಅದಕ್ಕೆ ತಿಳಿಯುತ್ತಿಲ್ಲ.

ತಾಳಮದ್ದಳೆಯನ್ನು ನೆನೆಯಿರಿ. ವಾಲಿಯ ಅರ್ಥ ಹೇಳುವವರು ರಾಮನನ್ನು ಎಂಥ ಮಾತಿನಲ್ಲಿ ಚುಚ್ಚುತ್ತಾರೆ! ಆದರೆ ಎದುರಿಗಿರುವ ಕಲಾವಿದರ ಮುಖ ಕಾಣುತ್ತಿರುತ್ತದೆ. ಮಾತು ಅಳತೆ ಮೀರಿತೆಂದು ಕಂಡರೆ ಭಾಗವತರು ಮುಂದಿನ ಪದ ಎತ್ತಿಬಿಡುತ್ತಾರೆ, ಅಲ್ಲಿಗೆ ವಾದ ನಿಲ್ಲಲೇಬೇಕು. ಕೊನೆಗೆ ಮಂಗಳ ಹಾಡುತ್ತಾರೆ. ಅರ್ಧ ಗಂಟೆಯ ಹಿಂದೆ ಕಾದಾಡಿದ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಕಾಫಿ ಕುಡಿಯುತ್ತಾರೆ. ಸಾಮಾಜಿಕ ಜಾಲತಾಣದ ಮಾತಿನಲ್ಲಿ ಎದುರಿನ ಮುಖ ಇಲ್ಲ, ಭಾಗವತರಿಲ್ಲ, ಮಂಗಳವೂ ಇಲ್ಲ. ಅಲ್ಲಿ ಮನುಷ್ಯರು ಎದುರಿಗೆ ಹೇಳಲಾರದ್ದನ್ನು ಹೇಳಿಬಿಡುವುದೇಕೆ ಎಂದು ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲೇ ವಿವರಿಸಿದ್ದರು. ಗುರುತು ಮುಚ್ಚಿಡಬಹುದು, ಎದುರಿನವರ ಕಣ್ಣು ಕಾಣುವುದಿಲ್ಲ, ಉತ್ತರವನ್ನು ಆ ಕ್ಷಣವೇ ಎದುರಿಸಬೇಕಾಗಿಲ್ಲ, ಗದರಿಸುವ ಹಿರಿಯರು ಅಲ್ಲಿಲ್ಲ. ಹೀಗಾಗಿ ಒಳಗಿನ ಕಡಿವಾಣ ಸಡಿಲವಾಗುತ್ತದೆ. ನಮ್ಮ "ಮಾರಾಯ್ತಿ" ಎಂಬ ಒಂದೇ ಮಾತನ್ನು ತೆಗೆದುಕೊಳ್ಳಿ. ಎದುರು ನಿಂತು ಹೇಳಿದರೆ ಅದು ಸಲಿಗೆಯೋ ಬೇಸರವೋ ಸಮಾಧಾನವೋ ಎಂದು ಧ್ವನಿಯಿಂದಲೇ ತಿಳಿಯುತ್ತದೆ. ಬರಹದಲ್ಲಿ ಬಂದಾಗ ಓದುವವರು ತಮಗಿರುವ ಹೆದರಿಕೆಯ ಧ್ವನಿಯನ್ನೇ ಅದಕ್ಕೆ ತುಂಬಿಕೊಳ್ಳುತ್ತಾರೆ.

ಹಾಗೆಂದು ಜಾಲತಾಣವನ್ನೇ ಶಪಿಸಲು ನನಗೆ ಮನಸ್ಸಿಲ್ಲ. ನಿಮ್ಮ ಗಂಡ ಮಕ್ಕಳ ಮುಖವನ್ನು ದಿನವೂ ನೋಡುತ್ತಾರೆ. ಗಲ್ಫ್‌ಗೆ ಹೋದ ಹಿಂದಿನ ತಲೆಮಾರಿನವರು ಮಗು ಎಷ್ಟು ಎತ್ತರ ಬೆಳೆದಿದೆ ಎಂಬುದನ್ನು ರಜೆಗೆ ಬಂದಾಗಲೇ ಕಾಣಬೇಕಿತ್ತು. ಹೆಚ್ಚಾಗಿ ಮಾತಿನಲ್ಲೇ ಉಳಿದಿದ್ದ ತುಳು ಈಗ ಮಕ್ಕಳ ಬೆರಳ ತುದಿಯಲ್ಲಿ ದಿನನಿತ್ಯದ ಬರಹವಾಗಿದೆ. 2016ರಿಂದ ತುಳುವಿನಲ್ಲಿ ವಿಕಿಪೀಡಿಯವೇ ಇದೆ. ರಾತ್ರಿ ಹನ್ನೊಂದಕ್ಕೆ ರಕ್ತ ಬೇಕೆಂದು ಒಂದು ಸಂದೇಶ ಹಾಕಿದರೆ ಮಣಿಪಾಲದ ಆಸ್ಪತ್ರೆಯ ಬಾಗಿಲಿಗೆ ಗುರುತಿಲ್ಲದ ಹುಡುಗರು ಬಂದು ನಿಲ್ಲುತ್ತಾರೆ. ಅದೂ ಇದೇ ಮುಂದೆ ಕಳುಹಿಸುವ ಬೆರಳಿನಿಂದಲೇ ಆಗುವುದು.

ಆ ಬೆರಳಿನ ಬಲ ಎಷ್ಟೆಂದು ಕಂಪನಿಗಳಿಗೂ ಗೊತ್ತು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿಗಳಿಂದ ದೇಶದ ಹಲವೆಡೆ ಅಮಾಯಕರನ್ನು ಗುಂಪುಗಳು ಬಡಿದು ಕೊಂದಾಗ, ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡಬಹುದೆಂಬ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳುಹಿಸಬಹುದೆಂದು ಇನ್ನೂ ಬಿಗಿ ಮಾಡಿತು. ಬರೆಯುವವನನ್ನು ಅವರು ತಡೆಯಲಿಲ್ಲ, ದಾಟಿಸುವವನನ್ನು ತಡೆದರು.

ಫಿನ್‌ಲೆಂಡಿನ ಟುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಸಂಗಡಿಗರು ತರಗತಿಗಳಲ್ಲಿ ಕಂಡದ್ದೂ ಇದನ್ನೇ. ಕಿರುಕುಳ ನಡೆಯುವಾಗ ಅಲ್ಲಿ ಇಬ್ಬರು ಮಾತ್ರ ಇರುವುದಿಲ್ಲ. ಜೊತೆಗೂಡುವವರು, ನಕ್ಕು ಹುರಿದುಂಬಿಸುವವರು, ಸುಮ್ಮನೆ ನೋಡುವವರು, ನೊಂದವರ ಪರ ನಿಲ್ಲುವವರು, ಹೀಗೆ ಇಡೀ ತರಗತಿಯೇ ಇರುತ್ತದೆ. ಅವರು ಅಲ್ಲಿನ ಶಿಕ್ಷಣ ಸಚಿವಾಲಯದ ನೆರವಿನಿಂದ ರೂಪಿಸಿದ ಕಿವಾ ಎಂಬ ಕಾರ್ಯಕ್ರಮ, ನೋಡುತ್ತಾ ನಿಂತವರನ್ನು ಬದಲಿಸುವುದಕ್ಕೇ ಒತ್ತು ಕೊಡುತ್ತದೆ. ಅದನ್ನು ಅಳವಡಿಸಿದ ಶಾಲೆಗಳನ್ನು ಉಳಿದವುಗಳೊಂದಿಗೆ ಹೋಲಿಸಿ ನೋಡಿದಾಗ ಕಿರುಕುಳ ಕಡಿಮೆಯಾದದ್ದು ಕಂಡಿದೆ. ನೋಡುಗರ ನಗು ನಿಂತಾಗ ಕಿರುಕುಳ ಕೊಡುವವನಿಗೆ ಸಿಗುತ್ತಿದ್ದ ಫಲವೇ ಇಲ್ಲವಾಗುತ್ತದೆ.

ಆದ್ದರಿಂದ ಕಾಲೇಜಿಗೆ ಹೋದಾಗ ನೀವು ಕೇಳಬೇಕಾದ್ದು ಏನು? "ಯಾರು ಮಾಡಿದ್ದೆಂದು ಪತ್ತೆ ಹಚ್ಚಿ" ಎಂಬುದೊಂದೇ ಅಲ್ಲ. ಪ್ರಾಂಶುಪಾಲರನ್ನು ಮುಂಚಿತವಾಗಿ ಸಮಯ ಕೇಳಿಕೊಂಡು ಕಾಣಿ, ದೂರನ್ನು ಬರವಣಿಗೆಯಲ್ಲಿ ಕೊಡಿ, ಸ್ವೀಕರಿಸಿದ್ದಕ್ಕೆ ಸಹಿ ಪಡೆಯಿರಿ. ಸಭೆ ಸೇರಿಸಿ ಮೈಕಿನಲ್ಲಿ ನಿಮ್ಮ ಮಗಳ ಹೆಸರು ಹೇಳಿ ಬುದ್ಧಿವಾದ ಮಾಡುವುದು ಬೇಡವೇ ಬೇಡ ಎಂದು ಮೊದಲೇ ಹೇಳಿ; ಎಷ್ಟೋ ಕಡೆ ಸದುದ್ದೇಶದಿಂದಲೇ ಹಾಗೆ ಮಾಡಿ ಗಾಯವನ್ನು ಎರಡನೆಯ ಸಲ ತೆರೆಯುತ್ತಾರೆ. ಅವಳ ತರಗತಿಯ ಮೆಂಟರ್, ಮಕ್ಕಳಿಗೆ ಪ್ರೀತಿಯಿರುವ ಒಬ್ಬ ಉಪನ್ಯಾಸಕರು, ಗ್ರೂಪುಗಳ ಅಡ್ಮಿನ್ ಆಗಿರುವ ವಿದ್ಯಾರ್ಥಿಗಳನ್ನು ನಾಲ್ಕೈದು ಮಂದಿಯಂತೆ ಕರೆದು ಕೂರಿಸಿ ಮಾತನಾಡಲಿ. "ನೀನು ಮಾಡಿದೆ ಎಂದು ಹೇಳುತ್ತಿಲ್ಲ. ನಿನ್ನ ಗ್ರೂಪಿನಲ್ಲಿ ಆ ಸ್ಟಿಕರ್ ಬಂದಾಗ ನೀನು ಏನು ಮಾಡಿದೆ?" ಎಂಬ ಒಂದು ಪ್ರಶ್ನೆ ಸಾಕು. ಮಕ್ಕಳು ತಲೆ ತಗ್ಗಿಸುತ್ತಾರೆ. ಅವರಲ್ಲಿ ಇಬ್ಬರು ಮೂವರು ಅಂದೇ ಅಳಿಸುತ್ತಾರೆ, ಇದು ನನ್ನ ಅನುಭವ. ಗ್ರೂಪಿನಲ್ಲಿ ಬಂದ ಸಂದೇಶವನ್ನು ಎಲ್ಲರ ಮೊಬೈಲಿನಿಂದಲೂ ಅಳಿಸುವ ಸೌಲಭ್ಯ ಅಡ್ಮಿನ್‌ಗೆ ಇದೆ ಎಂಬುದು ಅನೇಕರಿಗೆ ತಿಳಿದೇ ಇಲ್ಲ. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಕಾನೂನಿನ ಹೊಣೆಗಾರನಲ್ಲ ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟ್‌ಗಳು ಹೇಳಿವೆ. ಹಾಗಾಗಿ ಅವರನ್ನು ಹೆದರಿಸಲು ಹೋಗಬೇಡಿ, ಕೇಳಿಕೊಳ್ಳಿ.

ಇನ್ನು ನಿಮ್ಮ ತಮ್ಮನ ಮಾತು. ದೂರು ಕೊಡುವುದು ಸರಿ, ಅದರಲ್ಲೂ ನಕಲಿ ಖಾತೆಯ ಬಗ್ಗೆ ತಡಮಾಡಬಾರದು. ಆದರೆ ಕಾನೂನು ಏನು ಮಾಡೀತು, ಏನು ಮಾಡಲಾರದು ಎಂಬುದು ತಿಳಿದಿರಲಿ. ನಮ್ಮಲ್ಲಿ ಸೈಬರ್ ಕಿರುಕುಳ ಎಂಬ ಹೆಸರಿನ ಪ್ರತ್ಯೇಕ ಅಪರಾಧವಿಲ್ಲ. "66ಎ ಅಡಿ ಕೇಸು ಹಾಕಿಸಿ" ಎಂದು ಯಾರಾದರೂ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿದೆ. ಇನ್ನೊಬ್ಬರ ಹೆಸರಿನಲ್ಲಿ ಖಾತೆ ತೆರೆದು ವಂಚಿಸುವುದಕ್ಕೆ ಅದೇ ಕಾಯ್ದೆಯ 66ಸಿ, 66ಡಿ ಕಲಮುಗಳಿವೆ: ಮೂರು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಹುಡುಗಿಯೊಬ್ಬಳು ಬೇಡವೆಂದರೂ ಜಾಲತಾಣದಲ್ಲಿ ಬೆನ್ನು ಹತ್ತುವವನಿಗೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು, ಬೆದರಿಕೆಗೆ 351ನೇ ಕಲಮು ಇವೆ. ಮುಂದೆ ಯಾರಾದರೂ ಅವಳ ಫೋಟೊವನ್ನು ಅಶ್ಲೀಲವಾಗಿ ತಿರುಚಿದರೆ, ಅವಳು ಹದಿನೆಂಟು ತುಂಬದವಳಾದ್ದರಿಂದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮು ಮತ್ತು ಪೋಕ್ಸೊ ಕಾಯ್ದೆಯೇ ಬರುತ್ತದೆ. ಅಂಥ ಚಿತ್ರವನ್ನು ಸಾಕ್ಷಿಗೆಂದು ತಮ್ಮನಿಗೋ ನೆಂಟರಿಗೋ ನೀವು ಕಳುಹಿಸಿದರೂ ತೊಂದರೆಯೇ. ಲಿಂಕ್ ಬರೆದುಕೊಂಡು ನೇರವಾಗಿ ಠಾಣೆಗೆ ಹೋಗಿ.

ಉಡುಪಿಯಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆ ಇದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಿಂದಲೂ ದೂರು ಬರೆಯಬಹುದು. 1930 ಸಂಖ್ಯೆ ಮುಖ್ಯವಾಗಿ ಹಣ ಕಳೆದುಕೊಂಡವರಿಗಾಗಿ ಇರುವುದು. ಮಕ್ಕಳ ವಿಷಯಕ್ಕೆ 1098 ಸಹಾಯವಾಣಿ ಹೆಚ್ಚು ಉಪಯುಕ್ತ. ಎಲ್ಲರನ್ನೂ ಒಳಗೆ ಹಾಕಿಸುವ ವಿಚಾರದಲ್ಲಿ ನಿಮ್ಮ ತಮ್ಮನಿಗೆ ಒಂದು ಮಾತು ಹೇಳಿ. ಮಾಡಿದವರೂ ಬಹುಶಃ ಹದಿನಾರು, ಹದಿನೇಳರ ಮಕ್ಕಳೇ. ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಆರೋಪ ಹೊತ್ತ ಮಕ್ಕಳ ಮೇಲೆ ಸಾಮಾನ್ಯವಾಗಿ ಎಫ್‌ಐಆರ್ ಆಗುವುದಿಲ್ಲ. ಠಾಣೆಯ ದಿನಚರಿಯಲ್ಲಿ ದಾಖಲಿಸಿ, ವಿಷಯವನ್ನು ಬಾಲನ್ಯಾಯ ಮಂಡಳಿಯ ಮುಂದಿಡುತ್ತಾರೆ. ಅಲ್ಲಿ ಒತ್ತು ಇರುವುದು ತಿದ್ದುವುದಕ್ಕೆ. ನನಗೆ ಇದು ಸರಿಯೆಂದೇ ತೋರುತ್ತದೆ. ಪೊಲೀಸ್ ಅಧಿಕಾರಿಯ ಎದುರು ಹೆತ್ತವರೊಂದಿಗೆ ಕುಳಿತು, ತಾನು ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂದ ಹುಡುಗ ಮತ್ತೆ ಅದನ್ನು ಮಾಡುವುದು ಕಡಿಮೆ.

ದೂರಿಗೆ ಮೊದಲು ಸಾಕ್ಷಿ ಬೇಕು. ಇಲ್ಲಿ ಸಿಟ್ಟಿಗಿಂತ ಶಿಸ್ತು ಮುಖ್ಯ. ಖಾತೆಯ ಮೇಲೆ ಕಾಣುವ ಹೆಸರನ್ನು ಯಾವಾಗ ಬೇಕಾದರೂ ಬದಲಿಸಬಹುದು. ಆದ್ದರಿಂದ ಬಳಕೆದಾರನ ಹೆಸರು, ಖಾತೆಯ ಲಿಂಕ್, ಪೋಸ್ಟಿನ ಲಿಂಕ್ ಮೂರನ್ನೂ ಬರೆದಿಡಿ. ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ನಕಲಿ ಖಾತೆಯಿಂದ ಸಂದೇಶ ಬಂದ ಹುಡುಗರಲ್ಲಿ ಒಬ್ಬನಾದರೂ ತನ್ನ ಮೊಬೈಲಿನಲ್ಲಿ ಅದನ್ನು ಅಳಿಸದೆ ಇಟ್ಟರೆ ಬಹಳ ಉಪಕಾರ. ಇದಾದ ಮೇಲೆ ಇನ್‌ಸ್ಟಾಗ್ರಾಂಗೆ ವರದಿ ಮಾಡಿ, ಮೊದಲೇ ಮಾಡಬೇಡಿ. ಖಾತೆ ಅಳಿಸಿಹೋದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬೇರೊಬ್ಬರಂತೆ ನಟಿಸುವ ಖಾತೆಗಳ ಬಗ್ಗೆ ದೂರು ಬಂದ 24 ಗಂಟೆಗಳೊಳಗೆ ಕ್ರಮ ಕೈಗೊಳ್ಳಬೇಕೆಂದು 2021ರ ಐಟಿ ನಿಯಮಗಳು ಕಂಪನಿಗಳ ಮೇಲೆ ಹೊಣೆ ಹೊರಿಸಿದವು. ಮಗಳ ಪರವಾಗಿ ನೀವೂ ದೂರಬಹುದು. ಮುಗ್ಗರಿಸಿದ ವಿಡಿಯೊವನ್ನು ಕಿರುಕುಳ ಎಂಬ ವಿಭಾಗದಲ್ಲಿ ವರದಿ ಮಾಡಿ. ಕಂಪನಿ ಕಿವಿಗೊಡದಿದ್ದರೆ ಅದರ ಕುಂದುಕೊರತೆ ಅಧಿಕಾರಿಗೆ, ಅಲ್ಲೂ ಆಗದಿದ್ದರೆ 2023ರಿಂದ ಇರುವ ಸರ್ಕಾರದ ಮೇಲ್ಮನವಿ ಸಮಿತಿಗೆ ಹೋಗಬಹುದು.

ಅವಳ ಸ್ವಂತ ಖಾತೆಯನ್ನು ಅಳಿಸಿಹಾಕಬೇಡಿ. ಖಾಸಗಿಯಾಗಿಸಿ, ಟ್ಯಾಗ್ ಮಾಡುವ ಅವಕಾಶವನ್ನು ಪರಿಚಿತರಿಗೆ ಸೀಮಿತಗೊಳಿಸಿ. ಕೀಟಲೆ ಮಾಡುವವರನ್ನು ಬ್ಲಾಕ್ ಮಾಡಿದರೆ ಅವರಿಗೆ ಗೊತ್ತಾಗಿ ಇನ್ನಷ್ಟು ಕೆರಳುವುದುಂಟು. ಇನ್‌ಸ್ಟಾಗ್ರಾಂನಲ್ಲಿ ರಿಸ್ಟ್ರಿಕ್ಟ್ ಎಂಬ ಇನ್ನೊಂದು ದಾರಿ ಇದೆ. ಅದನ್ನು ಒತ್ತಿದರೆ ಅವರು ಬರೆದ ಕಮೆಂಟ್ ಅವರಿಗೆ ಮಾತ್ರ ಕಾಣುತ್ತದೆ, ಬೇರೆಯವರಿಗೆ ಕಾಣುವುದಿಲ್ಲ, ಹಾಗಾಗಿದೆ ಎಂದು ಅವರಿಗೆ ತಿಳಿಯುವುದೂ ಇಲ್ಲ. ಇದನ್ನೆಲ್ಲ ಅವಳೇ ಮಾಡಲಿ, ನೀವು ಪಕ್ಕದಲ್ಲಿ ಕುಳಿತಿರಿ. ತನ್ನ ಕೈಯಿಂದಲೇ ಏನೋ ಸಾಧ್ಯವಾಯಿತು ಎಂಬುದು ಈ ಹೊತ್ತಿಗೆ ಅವಳಿಗೆ ಬೇಕು.

ನಿಮ್ಮ ಗಂಡನ ಬಗ್ಗೆ. ದೂರದಲ್ಲಿರುವ ತಂದೆಯ ಸಿಟ್ಟಿನಲ್ಲಿ ಅಸಹಾಯಕತೆಯೇ ಹೆಚ್ಚಿರುತ್ತದೆ. ಗ್ರೂಪಿನಲ್ಲಿ ನೆಂಟರೆದುರು ಮಗಳ ಅಳುವ ಮುಖ ನೋಡಿದ್ದಾರೆ, ಏನು ಮಾಡಲೂ ತೋಚದೆ ಮಗಳ ಮೇಲೆಯೇ ಕೂಗಿದ್ದಾರೆ. ಅವರಿಗೆ ಮಾಡಲು ಒಂದು ಕೆಲಸ ಕೊಡಿ, ಅದು ಮಸ್ಕತ್‌ನಿಂದಲೂ ಆಗುವಂಥದ್ದು. ಕುಟುಂಬದ ಗ್ರೂಪಿಗೆ ಆ ವಿಡಿಯೊ ಹಾಕಿದವರಿಗೆ ಅವರೇ ಫೋನ್ ಮಾಡಲಿ. "ಇದು ನಮ್ಮ ಮಗಳು, ದಯವಿಟ್ಟು ಅಳಿಸಿ, ಯಾರಿಗೆಲ್ಲ ಕಳುಹಿಸಿದ್ದೀರೋ ಅವರಿಗೂ ಹೇಳಿ" ಎನ್ನಲಿ. ಆಮೇಲೆ ಅದೇ ಗ್ರೂಪಿನಲ್ಲಿ ಎರಡು ಸಾಲು ಬರೆಯಲಿ: ನನ್ನ ಮಗಳು ಬಾರದ ಭಾಷೆಯಲ್ಲಿ ಇಡೀ ಕಾಲೇಜಿನೆದುರು ನಿಂತು ಮಾತನಾಡಲು ಒಪ್ಪಿಕೊಂಡಳು, ಅದಕ್ಕೆ ನನಗೆ ಹೆಮ್ಮೆ ಇದೆ. ಮಗಳು ಆ ಗ್ರೂಪಿನಲ್ಲಿದ್ದರೆ ಓದುತ್ತಾಳೆ. ಇಲ್ಲದಿದ್ದರೆ ನೀವು ತೋರಿಸಿ. ನನ್ನ ಯಾವ ಸಲಹೆಗಿಂತಲೂ ಅದು ಅವಳನ್ನು ಬೇಗ ಮುಟ್ಟುತ್ತದೆ.

ಕಾಲೇಜು ಬಿಡಿಸುವ ಯೋಚನೆ ಬೇಡ. ಮನೋವೈದ್ಯರು ಸರಿಯೆಂದ ಮೇಲೆ, ಮೊದಲ ಕೆಲವು ದಿನ ಅರ್ಧ ದಿನದ ಮಟ್ಟಿಗೆ ಹೋಗಿಬರಲಿ, ಪ್ರಾಂಶುಪಾಲರು ಒಪ್ಪುತ್ತಾರೆ. ಕಷ್ಟ ಇರುವುದು ತರಗತಿಗಿಂತ ಹೆಚ್ಚಾಗಿ ಬಸ್ಸಿನಲ್ಲಿ. ಆ ದಾರಿಯನ್ನು ಅವಳು ಒಬ್ಬಳೇ ದಾಟಬಾರದು, ಅಮ್ಮನ ಜೊತೆ ಹೋದರೆ ಇನ್ನಷ್ಟು ನಗುತ್ತಾರೆ ಎಂಬ ಅಳುಕೂ ಅವಳಿಗಿರುತ್ತದೆ.

ಅದಕ್ಕೆ ನೋಟ್ಸ್ ಹಿಡಿದುಕೊಂಡು ಬಂದ ಆ ಹುಡುಗಿ ಬೇಕು. ಗೇಟಿನಿಂದಲೇ ಕಳುಹಿಸಿದ್ದಕ್ಕೆ ನಿಮ್ಮನ್ನು ದೂರುವುದಿಲ್ಲ, ಹೆದರಿದ ತಾಯಿ ಬೇರೇನು ಮಾಡಿಯಾಳು. ಆದರೆ ಇಷ್ಟು ಮಂದಿ ನಗುತ್ತಿರುವಾಗ ಬಸ್ಸು ಹತ್ತಿ ನಿಮ್ಮ ಹಳ್ಳಿಯವರೆಗೆ ಬಂದವಳು ಅವಳೊಬ್ಬಳು. ಇವತ್ತು ಸಂಜೆಯೇ ಅವಳ ಮನೆಗೆ ಫೋನ್ ಮಾಡಿ, ಅವಳ ತಾಯಿಯ ಹತ್ತಿರ ಮಾತನಾಡಿ, ಭಾನುವಾರ ಊಟಕ್ಕೆ ಕರೆಯಿರಿ. ಬಂದಾಗ ವಿಡಿಯೊದ ಸುದ್ದಿ ಎತ್ತಬೇಡಿ, ಯಾರು ಮಾಡಿದ್ದೆಂದು ಕೆದಕಬೇಡಿ. ಊಟ ಬಡಿಸಿ, ಇಬ್ಬರನ್ನೂ ಕೋಣೆಗೆ ಬಿಟ್ಟು ನೀವು ಹಿತ್ತಲಿಗೆ ಹೋಗಿ.